ಕಾಣದ ಗಿಡದ ಹೆಸರು

ಯೈನಾಕ್ಸ್, ಓರೆಗಾನ್
೩ ಸೆಪ್ಟೆಂಬರ್ ೧೯೧೧

ಪ್ರೀತಿಯ ತಂಗಿ ಆರ್ಡೆಲ್‌ಗೆ,

ಓಕ್ಲಹೋಮದಲ್ಲಿ ನೀನೂ ಮಕ್ಕಳೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರವಿಲ್ಲವೆಂದು ಬೈದುಕೊಳ್ಳಬೇಡ. ಜೌಗಿನಲ್ಲಿ ವೋಕಸ್ ಕೊಯ್ಲು. ತಿಂಗಳಿಡೀ ದೋಣಿಯಲ್ಲೇ ಕಳೆಯಿತು. ಆ ಹಳದಿ ನೈದಿಲೆಯ ಕಾಯಿ ಬಿಡಿಸಿ ಬಿಡಿಸಿ ಬೆರಳೆಲ್ಲ ಕಪ್ಪಾಗಿವೆ.

ಮೊದಲು ಒಳ್ಳೆಯ ಸುದ್ದಿ: ನನ್ನನ್ನು ಇಲ್ಲಿಯವಳೆಂದು ಒಪ್ಪಿಕೊಂಡರು!

ಸುಲಭವಾಗಿರಲಿಲ್ಲ ಕಣೇ. ಸರ್ಕಾರದ ಜೊತೆಗಿನ ಯುದ್ಧ ಮುಗಿದು, ನಮ್ಮ ಬುಡಕಟ್ಟಿನವರ ಜೊತೆ ಅಮ್ಮನನ್ನೂ ರೈಲಿಗೆ ತುಂಬಿ ಓಕ್ಲಹೋಮಕ್ಕೆ ಗಡೀಪಾರು ಮಾಡಿದಾಗ ಇಲ್ಲೇ ಉಳಿದಿದ್ದ ಅವಳ ತಂಗಿ ಸೆಲೀನಾ, ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದಳು. "ಅಕ್ಕನ ಮಗಳು ಅಂತ ಯಾರು ಬೇಕಾದ್ರೂ ಹೇಳ್ಬಹುದು. ಜಮೀನು ಕೊಡ್ತಾರೆ ಅಂದ್ರೆ ಎಲ್ಲರಿಗೂ ನೆಂಟರು ಹುಟ್ಕೋತಾರೆ," ಎಂದಳು. ಅವಳು ಹೂಂ ಅಂದರೆ ಮಾತ್ರ ಬುಡಕಟ್ಟಿನ ಪಟ್ಟಿಗೆ ಹೆಸರು ಬರೆಸುತ್ತೇವೆ ಎಂದುಬಿಟ್ಟರು ಹಿರಿಯರು.

ಆದರೂ ಕೊಯ್ಲಿನ ಮೊದಲ ದಿನವೇ ನನ್ನನ್ನು ಕರೆದೊಯ್ದಳು. ಅವಳು ದೋಣಿ ನೂಕಲು ಗಳ ಹಾಕುತ್ತಿದ್ದಳು, ನಾನು ಬಾಗಿ ಕಾಯಿ ಕೀಳುತ್ತಿದ್ದೆ. ಪಕ್ಕದ ದೋಣಿಯ ಹುಡುಗಿಯರು, "ಓಕ್ಲಹೋಮದಕ್ಕಾ, ಅದು ಜೋಳ ಅಲ್ಲ, ಮೆಲ್ಲಗೆ!" ಎಂದು ಕಿಸಕ್ಕನೆ ನಕ್ಕರು. ಆಗಲೇ, ಬಲಿತು ಒಡೆದು ಬೀಜವೆಲ್ಲ ಲೋಳೆಯಾದ ಕಾಯೊಂದು ಕೈಗೆ ಬಂತು. ನಮ್ಮ ಮಾತಿನಲ್ಲಿ ಅದರ ಹೆಸರು ತಾನಾಗಿ ನನ್ನ ಬಾಯಿಂದ ಹೊರಬಿತ್ತು. ಅಮ್ಮ ಬೂದಿಯಲ್ಲಿ ಚಿತ್ರ ಬರೆದು ತೋರಿಸಿ ನಮ್ಮಿಬ್ಬರಿಂದ ಹೇಳಿಸುತ್ತಿದ್ದಳಲ್ಲ, ಅದೇ.

"ಹಾಗಂದ್ರೇನು?" ಎಂದರು ಹುಡುಗಿಯರು. ಚಿಕ್ಕಮ್ಮನ ಗಳ ನಿಂತಿತು.

"ಯಾರೇ ಹೇಳ್ಕೊಟ್ಟಿದ್ದು?"

"ಅಮ್ಮ."

"ನೀನು ಈ ಗಿಡ ಯಾವಾಗ ನೋಡಿದ್ದೆ?"

"ಇವತ್ತೇ, ಚಿಕ್ಕಮ್ಮ."

ಅವಳು ಗಳ ಬದಿಗಿಟ್ಟು ದೋಣಿಯಲ್ಲೇ ಕುಳಿತು, "ಮಾತಿನ ಕೊನೇಲಿ ರಾಗ ಎಳೆಯೋದೂ ಥೇಟ್ ನಮ್ಮಕ್ಕನ ಹಾಗೇ," ಎಂದು ಅತ್ತಳು. ಮರುದಿನ ಹಿರಿಯರೆದುರು ಸೊಂಟಕ್ಕೆ ಕೈಯಿಟ್ಟು ನಿಂತಳು. "ನಮ್ಮ ಹುಡುಗೀರಿಗೇ ಗೊತ್ತಿಲ್ಲದ ಮಾತು ಇವಳಿಗೆ ಗೊತ್ತು. ಇವಳೇ ನಮ್ಮವಳಲ್ಲ ಅಂದ್ರೆ ಇನ್ಯಾರು? ಬರ್ಕೊಳ್ರೋ!"

ಈಗ ಅದೇ ಹುಡುಗಿಯರು ಸಂಜೆ ಬಂದು ಬೀಸುವ ಕಲ್ಲಿನ ಸುತ್ತ ಕೂರುತ್ತಾರೆ. ಒಂದೊಂದೇ ಮಾತು ಹೇಳಿಸುತ್ತೇನೆ. ತಪ್ಪಿದರೆ ನಗುವ ಸರದಿ ನನ್ನದು. ನಾನಿನ್ನು ಇಲ್ಲೇ ಇರುವವಳು, ಆರ್ಡೆಲ್. ನೀನೂ ಬಾ.

ಮಕ್ಕಳು ನೂರು ಕಾಲ ಬಾಳಲಿ. ನಿನಗೆ ಯಾವ ಕಷ್ಟವೂ ಬಾರದಿರಲಿ.

ನಿನ್ನ ಅಕ್ಕ,
ಹುಲ್ಡಾ

ಮರೆತಿದ್ದು: ತನ್ನ ಅಕ್ಕ ಸಾಯುವಾಗ ಕೊನೆಗೆ ಏನಂದಳು ಎಂದು ಚಿಕ್ಕಮ್ಮ ಕೇಳಿದಳು. ಪ್ರಾರ್ಥನೆ ಹೇಳುತ್ತಾ ಹೋದಳು ಎಂದು ಸುಳ್ಳು ಹೇಳಿದೆ. ಅಮ್ಮ ನಮ್ಮ ಮಾತಿನಲ್ಲಿ, "ಪಕ್ಕದಲ್ಲಿ ಮಲಕ್ಕೊ ಮಗಾ," ಅಂದಿದ್ದಳು. ನನಗೆ ಚೆನ್ನಾಗಿ ಅರ್ಥವಾಗಿತ್ತು. ನಮ್ಮ ಮಾತು ಆಡಿದರೆ ಸಿಟ್ಟಾಗುತ್ತಿದ್ದ ಪಾದ್ರಿ ಅಲ್ಲೇ ಕುಳಿತಿದ್ದರು. "ಇಂಗ್ಲಿಷಲ್ಲಿ ಹೇಳಮ್ಮ," ಅಂದುಬಿಟ್ಟೆ. ಆಮೇಲೆ ಮೂರು ದಿನ ಬದುಕಿದ್ದಳು, ತುಟಿ ತೆರೆಯಲಿಲ್ಲ. ನೀನು ಬಾಗಿಲಲ್ಲಿದ್ದೆ. ನಿನಗೆ ಕೇಳಿಸಿತ್ತೇ?