ಮುಸ್ಯೆಯ ಕೈಗೆ ಸುತ್ತಿದ ಜಪಸರ

ದೇರಾ, ದುಬೈ
9 ಮಾರ್ಚ್ 2025, ಭಾನುವಾರ

ಪ್ರೀತಿಯ ಮಗಳು ಶೆರಿಲ್‌ಗೆ,

ಮಮ್ಮಿಯ ಅಕ್ಷರ ನೋಡಿದ ಕೂಡಲೇ ಹರಿದು ಬಿಸಾಡಬೇಡ ಮಾರಾಯ್ತಿ. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿಟ್ಟಿದ್ದೀ, ಅದಕ್ಕೇ ಊರಿಗೆ ಹೊರಟ ಪಕ್ಕದ ರೂಮಿನ ಹುಡುಗ ಶರ್ವಿನ್ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಹನ್ನೊಂದು ವರ್ಷ ತಡವಾಯಿತು, ಕ್ಷಮಿಸು. ಬರೆಯಲು ಕೂತಾಗಲೆಲ್ಲ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಕೆಲಸ ಇದ್ದದ್ದೂ ಹೌದು, ಹೆದರಿಕೆ ಇದ್ದದ್ದೂ ಹೌದು.

ನಾನು ಆರಾಮ. ಮೊಣಕಾಲು ಮಾತ್ರ ಹೇಳಿದ ಹಾಗೆ ಕೇಳುವುದಿಲ್ಲ. ನಿನ್ನ ಅಣ್ಣ ಎಲ್ರಾಯ್ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ಅವನ ಮಗಳು ಆನ್ ಮರಿಯಾಳಿಗೆ ಏಳು ತುಂಬಿತು, ನಮ್ಮ ಇಗರ್ಜಿಯ ಕ್ವಾಯರ್‌ಗೆ ಸೇರಿದ್ದಾಳೆ. ಹಾಡುವ ವಿಡಿಯೊ ಕಳಿಸಿದ್ದ. ಸ್ವರ ನಿನ್ನದೇ.

ಇಲ್ಲಿ ನನ್ನ ಕೆಲಸ ಹೋಯಿತು. ಎರಡು ವರ್ಷದಿಂದ ಜುಮೇರಾ ಲೇಕ್ ಟವರ್ಸ್‌ನ ಮೂವತ್ತೊಂದನೇ ಮಾಳಿಗೆಯಲ್ಲಿ ನಾನು ನೋಡಿಕೊಳ್ಳುತ್ತಿದ್ದ ಮುದುಕರು ಕಳೆದ ಮಂಗಳವಾರ ತೀರಿಕೊಂಡರು. ಗಾಸ್ತೋನ್ ಪೆರ್ವಿಯೆ ಅಂತ ಹೆಸರು. ನಾವು ಮುಸ್ಯೆ ಅನ್ನುತ್ತಿದ್ದೆವು, ಅವರ ಭಾಷೆಯಲ್ಲಿ ಸಾರ್ ಅಂದ ಹಾಗೆ. ಫ್ರಾನ್ಸಿನಲ್ಲಿ ಒಂದು ಕಾಲಕ್ಕೆ ದೊಡ್ಡ ಹಾಡುಗಾರ, ತಾನೇ ಬರೆದು ತಾನೇ ಹಾಡುವವರು. ಲಕ್ವ ಹೊಡೆದ ಮೇಲೆ ಅಲ್ಲಿ ನೋಡುವವರಿಲ್ಲದೆ, ಇಲ್ಲಿ ಬ್ಯಾಂಕಿನಲ್ಲಿರುವ ತಂಗಿಯ ಮಗಳು ಕರೆಸಿಕೊಂಡಿದ್ದಳು.

ಅವರ ಬಾಯಿಯೋ, ಏನು ಕೇಳುತ್ತೀ! "ಎಲ್ಸಿ, ನನ್ನ ಡಯಾಪರ್ ಬದಲಿಸಲು ನಿನ್ನ ದೇವರಿಗೆ ಹೇಳು" ಅನ್ನುತ್ತಿದ್ದರು. "ಅವನಿಗೆ ಪುರುಸೊತ್ತಿಲ್ಲ, ನೀವು ಮಗ್ಗುಲಾಗಿ" ಅನ್ನುತ್ತಿದ್ದೆ ನಾನು.

ಹದಿನೇಳಕ್ಕೆ ಬಂದರಿನ ಬಾರುಗಳಲ್ಲಿ ಅಕಾರ್ಡಿಯನ್ ಬಾರಿಸಿ ಶುರುಮಾಡಿದವರು. ಇಪ್ಪತ್ತೆರಡಕ್ಕೆ ಒಂದು ಹಾಡು ಕಟ್ಟಿದರು, ತಾವಿದ್ದ ಬೋರ್ಡಿಂಗ್ ಶಾಲೆಯ ಪಾದ್ರಿ ಹುಡುಗರನ್ನು ಮೀಯಿಸುತ್ತಿದ್ದ ಬಗ್ಗೆ. ರೇಡಿಯೊದವರು ಅದನ್ನು ನಿಲ್ಲಿಸಿದರು. ಒಂದು ಊರಿನ ಮೇಯರ್ ಸಭಾಂಗಣಕ್ಕೆ ಬೀಗ ಹಾಕಿಸಿದರೆ ಇವರು ಮೀನಿನ ಲಾರಿಯ ಮೇಲೆ ಹತ್ತಿ ಹಾಡಿದರಂತೆ. ಹೆಸರು ಬಂದದ್ದು ಅಲ್ಲಿಂದ. ಆಮೇಲೆ ಜನ ಬಯ್ಯಲಿ ಅಂತಲೇ ಬರೆದ ಹಾಡುಗಳೂ ಇವೆ. ಕುಡಿತ, ಬಿಟ್ಟುಹೋದ ಇಬ್ಬರು ಹೆಂಡಂದಿರು, ಮೊದಲ ಹಾಡಿನ ರಾಗವನ್ನು ಸೋಪಿನ ಜಾಹೀರಾತಿಗೆ ಕೊಟ್ಟದ್ದು, ಕಡೆಗೆ ಗಂಟಲೂ ಹೋದದ್ದು, ಎಲ್ಲ ಹೇಳಿದ್ದರು. "ಉಳಿದದ್ದೆಲ್ಲ ಬರೀ ಗಲಾಟೆ ಎಲ್ಸಿ. ಆ ಮೊದಲನೆಯದು ಮಾತ್ರ ನಡೆದದ್ದು. ಅದನ್ನೇ ಕೊಳಕು ಅಂದರು."

ಆ ಹಾಡು ಕೇಳಿದ ಮೇಲೆ ಅವರ ತಾಯಿ ಸಾಯುವ ತನಕ ಅವರೊಂದಿಗೆ ಮಾತಾಡಲಿಲ್ಲ. ಒಂದು ದಿನ ಸೂಪು ಕುಡಿಸುವಾಗ ಕೇಳಿದರು, "ನೀನೂ ತಾಯಿ. ಹೇಳು, ಅವಳಿಗೆ ಗೊತ್ತಿತ್ತಾ?" ನಾನು, "ಇಲ್ಲ ಮುಸ್ಯೆ, ಗೊತ್ತಿದ್ದರೆ ಯಾವ ತಾಯಿ ಸುಮ್ಮನಿರುತ್ತಾಳೆ?" ಅಂದೆ. ಅವರು ನನ್ನ ಮುಖವನ್ನೇ ನೋಡುತ್ತಾ ಸೂಪು ಸಾಕು ಅಂದರು.

ನನ್ನಿಂದ ಒಂದೇ ಮಾತು ತೆಗೆದುಕೊಂಡಿದ್ದರು: ಸತ್ತ ಮೇಲೆ ಪ್ರಾರ್ಥನೆ ಬೇಡ, ಕೈಯಲ್ಲಿ ಏನೂ ಇಡಬೇಡ. ಆಯಿತು ಅಂದಿದ್ದೆ. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಉಸಿರು ನಿಂತಿತು. ನನ್ನ ಜೊತೆಯ ನರ್ಸ್, ಕಾಸರಗೋಡಿನ ಜಸೀನಾ, ಆಂಬುಲೆನ್ಸಿಗೆ ಫೋನ್ ಮಾಡಲು ಹೋದಳು. ನಾನು ಕಣ್ಣು ಮುಚ್ಚಿಸಿ, ಮುಖ ಒರೆಸಿ, ಕೈ ಜೋಡಿಸಿ, ನಮ್ಮಲ್ಲಿ ಎಲ್ಲರಿಗೂ ಮಾಡುವ ಹಾಗೆ ಕಿಸೆಯ ಜಪಸರ ತೆಗೆದು ಬೆರಳುಗಳಿಗೆ ಸುತ್ತಿದೆ. ನಿನ್ನ ಪಪ್ಪನಿಗೆ ಸುತ್ತಿದ್ದೂ ಇದೇ ಕೈ. ಜಸೀನಾ ವಾಪಸು ಬಂದವಳು ಬಾಗಿಲಲ್ಲೇ ನಿಂತು, "ಚೇಚಿ, ಎಂತ ಮಾಡಿದ್ದು? ಅವರು ಬೇಡ ಹೇಳಿದ್ದಲ್ವಾ?" ಅಂದಳು.

ಗಡಿಬಿಡಿಯಲ್ಲಿ ಎಳೆದೆ. ದಾರ ತುಂಡಾಗಿ ಮಣಿಗಳು ಮಂಚದಡಿಗೆ ಉರುಳಿದವು. ಮೊಣಕಾಲೂರಿ ಹೆಕ್ಕುವಾಗ ನಿನ್ನ ನೆನಪಾಯಿತು. ನೀನೂ ಹೀಗೆಯೇ ಮೊಣಕಾಲೂರಿದ್ದೆ.

ಇಗರ್ಜಿಯ ಹಬ್ಬದ ದಿನ, ಹದಿನೇಳರ ನೀನು ಗಿಟಾರ್ ಹಿಡಿದು ಸ್ಟೇಜಿಗೆ ಹತ್ತಿ, ಸ್ವರ ಕಲಿಸುವ ನೆಪದಲ್ಲಿ ಕ್ವಾಯರ್ ಮಾಸ್ಟರ್ ಹುಡುಗಿಯರಿಗೆ ಏನು ಮಾಡುತ್ತಾನೆ ಅಂತ ನೀನೇ ಕಟ್ಟಿದ ಹಾಡು ಹಾಡಿದೆ. ಜನ ಥೂ ಅಂದರು. ರಜೆಯಲ್ಲಿ ಬಂದಿದ್ದ ನಾನು ಮರುದಿನ ನಿನ್ನನ್ನು ಅವನ ಮನೆಗೆ ಎಳೆದುಕೊಂಡು ಹೋಗಿ, ಮೊಣಕಾಲೂರಿಸಿ ಕ್ಷಮೆ ಕೇಳಿಸಿದೆ. ಗಿಟಾರನ್ನು ಯಾರಿಗೋ ಕೊಟ್ಟುಬಿಟ್ಟೆ. ಆಮೇಲೆ ನೀನು ಹಾಡಲೂ ಇಲ್ಲ, ನನ್ನ ಹತ್ತಿರ ಮಾತಾಡಲೂ ಇಲ್ಲ. ಮಾನ ಹೋಯಿತಲ್ಲ ಅಂತ ಹಾಗೆ ಮಾಡಿದೆ. ತಪ್ಪಾಯಿತು ಮಗಾ.

ಮುಸ್ಯೆಯನ್ನು ಅವರ ಊರಿಗೆ ಒಯ್ದರು. ಕೈಯಲ್ಲಿ ಏನೂ ಇರಲಿಲ್ಲ, ನಾನೇ ನೋಡಿದೆ.

ನೀನು ಬೇಡ ಅಂದರೂ ನನ್ನ ಆಶೀರ್ವಾದ ನಿನ್ನ ತಲೆಯ ಮೇಲೆ ಇದ್ದೇ ಇದೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ಕಾಯಲಿ.

ನಿನ್ನ ಮಮ್ಮಿ,
ಎಲ್ಸಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ತೆರೆದಿದ್ದೇನೆ. ಮಾನ ಹೋಯಿತು ಅಂತ ಬರೆದದ್ದು ಸುಳ್ಳು. ಮುಸ್ಯೆಗೆ ಹೇಳಿದ್ದೂ ಸುಳ್ಳು. ನನಗೆ ಗೊತ್ತಿತ್ತು. ಹನ್ನೆರಡು ವರ್ಷದವಳಿದ್ದಾಗ ನಾನೂ ಅದೇ ಕ್ವಾಯರ್‌ನಲ್ಲಿದ್ದೆ, ಅವನು ಆಗಷ್ಟೇ ಮಾಸ್ಟರ್ ಆಗಿ ಬಂದಿದ್ದ. ಹಾರ್ಮೋನಿಯಮ್ಮಿನ ಹಿಂದಿನ ಬೆಂಚಿನ ಒಂದು ಕಾಲು ಅಲ್ಲಾಡುತ್ತದೆ ಅಂತ ನೀನು ಹಾಡಿದ್ದೆಯಲ್ಲ, ನನ್ನ ಕಾಲದಲ್ಲೂ ಅಲ್ಲಾಡುತ್ತಿತ್ತು. ನನ್ನ ಕಥೆ ಹೊರಗೆ ಬೀಳದಿರಲಿ ಅಂತ ನಿನ್ನ ಬಾಯಿ ಮುಚ್ಚಿಸಿದೆ.

ಎಲ್ರಾಯ್ ಕಳಿಸಿದ ವಿಡಿಯೊದಲ್ಲಿ ಆನ್ ಮರಿಯಾ ಆ ಬೆಂಚಿನ ಮೇಲೆ ಕೂತಿದ್ದಾಳೆ. ಹೆಗಲ ಮೇಲಿರುವ ಮುದಿ ಕೈ ಅವನದೇ. ನೋಡಿದ ಕೂಡಲೇ ಗುರುತು ಸಿಕ್ಕಿತು, ಆದರೂ ನಾನು ಅದಕ್ಕೆ ಕೆಂಪು ಹೃದಯ ಒತ್ತಿದೆ. ಇವತ್ತು ಎಲ್ರಾಯ್‌ಗೆ ಎಲ್ಲ ಹೇಳಿದೆ. "ಮಮ್ಮಿ, ಆ ಕೊಳಕನ್ನು ಪುನಃ ಎತ್ತಬೇಡಿ, ಖಲಾಸ್" ಅಂತ ಫೋನ್ ಇಟ್ಟ. ನನ್ನನ್ನು ಕೆಲಸಕ್ಕೆ ಕರೆಸಿದ ಏಜೆನ್ಸಿಯ ಕಾಗದ ಮುಗಿಯದೆ ನಾನು ಹೊರಡುವ ಹಾಗಿಲ್ಲ, ಹತ್ತು ದಿನ ಬೇಕಂತೆ. ಕ್ವಾಯರ್ ಪ್ರಾಕ್ಟೀಸ್ ಇರುವುದು ಈ ಶನಿವಾರ. ಶರ್ವಿನ್ ನಾಳೆಯೇ ತಲುಪುತ್ತಾನೆ.

ಆ ಮಗುವನ್ನು ಬೆಂಚಿನಿಂದ ಎಬ್ಬಿಸಿಕೊಂಡು ಬಾ ಶೆರಿಲ್. ಯಾರು ಹೇಳಿದ್ದು ಅಂತ ಕೇಳಿದರೆ ನನ್ನ ಹೆಸರು ಹೇಳು.