ಪಣಜಿಯ ಪ್ರಸಾದ

ಶ್ರೀ

ಮುನವಳ್ಳಿ
ಪ್ಲವಂಗ ಸಂವತ್ಸರ, ಮಾರ್ಗಶಿರ ಬಹುಳ ಪಂಚಮಿ

ಪಣಜಿಯ ಶೆಣವಿ ಸಾಹುಕಾರರ ಅಂಗಡಿಯಲ್ಲಿ ಲೆಕ್ಕ ಬರೆಯುವ ನನ್ನ ಯಜಮಾನರ ಪಾದಗಳಿಗೆ ಮಥುರಾಳ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ದನಕರುಗಳು ಕ್ಷೇಮ. ನಿಮ್ಮ ದೊಡ್ಡಪ್ಪನವರು ಕ್ಷೇಮ, ಅವರ ಸಿಟ್ಟೂ ಕ್ಷೇಮ. ಅತ್ತೆಯವರಿಗೆ ಮೊಣಕಾಲು ನೋವು, ಆದರೂ ಮಡಿನೀರು ತರುವುದನ್ನು ಬಿಟ್ಟಿಲ್ಲ. ನನ್ನ ಕ್ಷೇಮದ ಮಾತು ಮುಂದೆ ಬರುತ್ತದೆ, ಅವಸರ ಮಾಡಬೇಡಿರಿ.

ನಿನ್ನೆಯಿಂದ ನಾನು ಹೊರಗೆ ಕೂತಿದ್ದೇನೆ, ಕೊಟ್ಟಿಗೆಯ ಪಕ್ಕದ ಖೋಲಿಯಲ್ಲಿ. ಒಂದು ಚಾಪೆ, ಒಂದು ತಂಬಿಗೆ, ಗೋಡೆಯ ಆಚೆ ಎಮ್ಮೆ. ಮೂರು ದಿನ ಯಾರೂ ಮುಟ್ಟುವುದಿಲ್ಲ, ಯಾರೂ ಕೆಲಸ ಹೇಳುವುದಿಲ್ಲ. ಈ ಮನೆಯಲ್ಲಿ ನನಗೆ ಕಾಗದ ಬರೆಯುವಷ್ಟು ಬಿಡುವು ಸಿಗುವುದು ಹೀಗೆ ಕೂತಾಗ ಮಾತ್ರ. ಅಂದರೆ ಎಲ್ಲರೂ ಕಾಯುತ್ತಿದ್ದ ಸುದ್ದಿ ಈ ತಿಂಗಳೂ ಇಲ್ಲ ಎಂದು ನೀವು ತಿಳಿದುಕೊಳ್ಳಬಹುದು. ಪಣಜಿಗೆ ಹೋಗಿ ಬಂದಳಲ್ಲ, ಇನ್ನು ಕೂಸಾಗುತ್ತದೆ ಎಂದು ಓಣಿಯ ಹೆಂಗಸರು ನನ್ನ ಹೊಟ್ಟೆ ನೋಡಿ ಮಾತಾಡಿಸುತ್ತಿದ್ದರು. ನಿಮ್ಮ ಆ ಒಂದೇ ಖೋಲಿಯಲ್ಲಿ ಗೋಡೆಗೆ ನಾನು, ಬಾಗಿಲಿಗೆ ಅತ್ತೆಯವರು, ನೀವು ಅಂಗಡಿಯ ಕಟ್ಟೆಯ ಮೇಲೆ ಗೋಣಿಚೀಲದ ಸಂಗಡ. ದೇವರಾದರೂ ಎಲ್ಲಿಂದ ಕೊಟ್ಟಾನು ಹೇಳಿ!

ಮೊದಲು ಸಂತೋಷದ ಮಾತು ಬರೆಯುತ್ತೇನೆ. ಇಲ್ಲಿ ಯಾರ ಮುಂದೆ ಹೇಳಲಿ? ಎಮ್ಮೆಗೆ ಹೇಳಿ ಆಯಿತು.

ನಿಮ್ಮ ದೊಡ್ಡಪ್ಪನವರು ಕಾರ್ತಿಕ ಹುಣ್ಣಿಮೆಯ ಸಮುದ್ರಸ್ನಾನಕ್ಕೆ ಅತ್ತೆಯವರನ್ನು ಕಳಿಸುತ್ತೇನೆ, ಜೊತೆಗೆ ಸೊಸೆಯೂ ಹೋಗಲಿ ಎಂದಾಗ ನನಗೆ ನಂಬಿಕೆ ಬರಲಿಲ್ಲ. ಕಿತ್ತೂರಿನ ತವರು ಬಿಟ್ಟು ಮುನವಳ್ಳಿಗೆ ಬಂದವಳು ಸವದತ್ತಿಯ ಆಚೆ ಏನು ಕಂಡವಳು? ಅವರು ಕೊಟ್ಟ ರೊಕ್ಕ ಧಾರವಾಡದ ಚಕ್ಕಡಿಗೂ ರೈಲಿಗೂ ಸರಿಹೋಯಿತು. ಊಟಕ್ಕೆಂದು ಒಂದು ಕಾಸೂ ಇಲ್ಲ. ಅದಕ್ಕೇ ಅತ್ತೆಯವರು ಹಾಲಿನಲ್ಲಿ ಹಿಟ್ಟು ನಾದಿ ದಶಮಿ ಮಾಡಿದರು. ನೀರು ಮುಟ್ಟದ ರೊಟ್ಟಿ, ದಾರಿಗೆ ಮೈಲಿಗೆಯಿಲ್ಲ, ನಾಲ್ಕು ದಿನ ಕೆಡುವುದಿಲ್ಲ. ಸೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಉಂಡೆ ಬೆಲ್ಲ. ಫಿರಂಗಿಯವರ ರಾಜ್ಯದಲ್ಲಿ ನೀರೂ ಕೊಳ್ಳದೆ ಬರೋಣ ಎಂದು ಅವರ ಹಟ.

ಘಟ್ಟ ಇಳಿಯುವಾಗ ರೈಲು ಗುಡ್ಡದ ಹೊಟ್ಟೆಯೊಳಗೆ ಹೊಕ್ಕಿತು. ಕಗ್ಗತ್ತಲು. ಯಾರೋ ನನ್ನ ಕೈ ಗಟ್ಟಿಯಾಗಿ ಹಿಡಿದರು. ಅಂಜಿ ಕಿರುಚಬೇಕು ಎನ್ನುವಷ್ಟರಲ್ಲಿ ಬೆಳಕು ಬಂತು, ಕೈ ಬಿಟ್ಟಿತು. ನೋಡಿದರೆ ಅತ್ತೆಯವರು ಸೆರಗು ಸರಿಮಾಡಿಕೊಂಡು ಕಿಟಕಿಯ ಆಚೆ ನೋಡುತ್ತಿದ್ದಾರೆ. ಮುಂದೆ ಗುಹೆ ಬಂದಾಗಲೆಲ್ಲ ನಾನೇ ಕೈ ಹತ್ತಿರ ಇಟ್ಟೆ. ಹಾಲು ಸುರಿದ ಹಾಗೆ ಗುಡ್ಡದ ಮೇಲಿನಿಂದ ನೀರು ಬೀಳುವುದನ್ನು ಇಬ್ಬರೂ ಬಾಯಿ ತೆರೆದುಕೊಂಡು ನೋಡಿದೆವು.

ಗಡಿ ದಾಟಿದ ಮೇಲಿನ ಸ್ಟೇಷನ್ನಿನಲ್ಲಿ ಫಿರಂಗಿ ಸಿಪಾಯಿ ಬಂದು ಎಲ್ಲರ ಗಂಟು ಬಿಚ್ಚಿ ನೋಡಿದ. ನಮ್ಮ ದಶಮಿಯ ಗಂಟಿನೊಳಗೂ ಕೈ ಹಾಕಿ, ಅಡಿಯಲ್ಲಿ ಏನಾದರೂ ಬಚ್ಚಿಟ್ಟಿದ್ದಾರೋ ಎಂದು ಒಂದೊಂದೇ ರೊಟ್ಟಿ ಎತ್ತಿ ನೋಡಿ, ನಕ್ಕು, ಕಟ್ಟಿಕೊಟ್ಟ. ಪಾಪ, ಅವನು ತನ್ನ ಕೆಲಸ ಮಾಡಿದ. ಆದರೆ ದಶಮಿಯ ಕತೆ ಮುಗಿಯಿತು. ರೈಲು ಹೊರಟ ಮೇಲೆ ಅತ್ತೆಯವರು ಗಂಟನ್ನು ಕಿಟಕಿಯಿಂದ ಕಾಡಿಗೆ ಎಸೆದರು. "ಮಂಗ್ಯಾ ತಿನಲಿ. ನಮ್ಮ ಹಣ್ಯಾಗ ಇಲ್ಲ" ಎಂದರು. ಮೇಲಿನ ಬೆಲ್ಲದ ಉಂಡೆಯನ್ನಾದರೂ ಉಳಿಸಿಕೊಳ್ಳಬಹುದಿತ್ತು ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ಹೊಟ್ಟೆಗಿಲ್ಲದೆ ಊರು ನೋಡಿದೆವು, ಆದರೂ ಎಂಥ ಊರು! ಬಂದರಿನಿಂದ ಉಗಿ ದೋಣಿಯಲ್ಲಿ ಬರುವಾಗ, ನಮ್ಮನ್ನು ಕರೆದೊಯ್ಯಲು ಬಂದಿದ್ದ ನೀವು ಅಗ್ಗದ ಜಾಗ ಹಿಡಿದು ಕೊಟ್ಟಿರಿ. ಮುಖಕ್ಕೆ ಉಪ್ಪುನೀರು ಸಿಡಿಯುವ ಜಾಗ ಅದು. ದುಡ್ಡು ಕೊಟ್ಟು ಒಳಗೆ ಕೂತ ದೊಡ್ಡ ಮಂದಿಗೆ ಅದೇನು ಕಂಡಿತು, ಗೋಡೆ? ಹೊಳೆಯ ದಂಡೆಯ ಬಿಳಿ ಮನೆಗಳು, ಎಲ್ಲಮ್ಮನ ಗುಡ್ಡದ ಹಾಗೆ ಮೆಟ್ಟಿಲು ಏರಿಸಿಕೊಂಡ ಇಗರ್ಜಿ ಎಂಬ ಅವರ ಗುಡಿ, ಸಂಜೆ ತೋಟದಲ್ಲಿ ಸಿಪಾಯಿಗಳ ಬಾಜಾ. ಯಾವುದಕ್ಕೂ ಕಾಸು ಕೇಳಲಿಲ್ಲ. ಎಳನೀರಿಗೆ ನೀವು ಮಾಡಿದ ಚೌಕಾಶಿ ನೋಡಿ ಮಾರುವವಳೇ ಸೋತು ಒಂದು ಹೆಚ್ಚು ಕೆತ್ತಿ ಕೊಟ್ಟಳು. ಬಾಳೆಹಣ್ಣು, ಎಳನೀರು, ಮತ್ತೆ ಬಾಳೆಹಣ್ಣು. ನಿಮ್ಮ ಮನೆಯೊಡತಿಯ ಒಲೆಯಲ್ಲಿ ಮೀನು ಬೇಯುವುದರಿಂದ ಅಡಿಗೆಯ ಮಾತೇ ಇಲ್ಲ.

ಹುಣ್ಣಿಮೆಯ ದಿನ ಸಮುದ್ರಕ್ಕೆ ನಡೆದೇ ಹೋದೆವು. ಅತ್ತೆಯವರು ಸಂಕಲ್ಪ ಹೇಳಿ, ಮೊಣಕಾಲವರೆಗೆ ಇಳಿದು, ಮೂರು ಸಲ ಮುಳುಗಿ ಬರಬೇಕಾದವರು ಬರಲೇ ಇಲ್ಲ. "ಅಯ್ಯಯ್ಯ, ಕಾಲಾಗಿನ ಮಣ್ಣ ಎಳೀತದ ನೋಡವಾ ಇದು! ಹಿಡಿ ನನ್ನ, ಹಿಡಿ!" ಎಂದು ನಕ್ಕರು. ಎಂಟು ವರ್ಷದಲ್ಲಿ ಅವರ ಹಲ್ಲು ನಾನು ನೋಡಿದ್ದು ಅಂದೇ. ತಲೆಯ ಮೇಲಿನ ಕೆಂಪು ಸೆರಗು ಜಾರಿ, ಬೋಳು ತಲೆಗೆ ಬಿಸಿಲು ಬಿದ್ದದ್ದೂ ಅವರಿಗೆ ತಿಳಿಯಲಿಲ್ಲ. ನೀವು ದಂಡೆಯಲ್ಲಿ ಚಪ್ಪಲಿ ಕಾಯುತ್ತ ಬೇರೆ ಕಡೆ ನೋಡುತ್ತಿದ್ದಿರಿ.

ಇನ್ನು ಆ ಜೋಗಪ್ಪನ ಕತೆ. ನಿಮ್ಮ ಕಾಗದಗಳಲ್ಲಿ ಇದರ ಸುದ್ದಿ ಅಪ್ಪಿತಪ್ಪಿಯೂ ಬರಬಾರದು, ದೊಡ್ಡಪ್ಪನವರು ನಿಮ್ಮ ಕಾಗದವನ್ನು ಪಡಸಾಲೆಯಲ್ಲಿ ಗಟ್ಟಿಯಾಗಿ ಓದಿಸುತ್ತಾರೆ. ನಸುಕಿನಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು, ಕೋಲಿನ ಗೆಜ್ಜೆ ಝಲ್ ಝಲ್ ಎನ್ನಿಸುತ್ತ ಅವನು ಓಣಿಗೆ ಬಂದ. ನಮ್ಮೂರಲ್ಲಿ ಹಾಗೆ ಬರುವವರು ಎಲ್ಲಮ್ಮನ ಬುಟ್ಟಿ ಹೊತ್ತ ಜೋಗಪ್ಪಗಳು ತಾನೇ? ಅತ್ತೆಯವರು ದಡಬಡ ಎದ್ದರು. "ಇಲ್ಲಿತನಾ ಬಂದಾಳಲ್ಲ ನಮ್ಮವ್ವ! ಉಧೋ ಎಲ್ಲಮ್ಮ!" ಎಂದು, ಸಮುದ್ರಕ್ಕೆ ಅರ್ಪಿಸಲು ತಂದ ಅಕ್ಕಿಯಲ್ಲಿ ಒಂದು ಹಿಡಿ ಅವನ ಬುಟ್ಟಿಗೆ ಹಾಕಿ ಕೈಮುಗಿದರು. ಅವನು ಪಾವು ಎಂಬ ಉಬ್ಬುರೊಟ್ಟಿ ಮಾರುವ ಕಿರಿಸ್ತಾನ, ಕಕ್ಕಾಬಿಕ್ಕಿಯಾದ. ರೊಟ್ಟಿಯ ಮೇಲಿನ ಅಕ್ಕಿ ನೋಡಿದ, ಬೋಳು ತಲೆಯ ಮುದುಕಿಯನ್ನು ನೋಡಿದ, ಏನು ತಿಳಿದನೋ, ಬಿಸಿ ಬಿಸಿ ಪಾವು ಒಂದನ್ನು ಅವರ ಕೈಯಲ್ಲಿಟ್ಟು ನಡೆದ. "ಪ್ರಸಾದಕ್ಕ ಮೈಲಿಗಿಲ್ಲ" ಎಂದು ಅತ್ತೆಯವರು ಮುರಿದು ಅರ್ಧ ತಿಂದು ಅರ್ಧ ನನಗೆ ಕೊಟ್ಟರು. ಮೇಲೆ ಗಟ್ಟಿ, ಒಳಗೆ ಹತ್ತಿ. ತುಸು ಹುಳಿ ವಾಸನೆ. ನಾನು ಕಣ್ಣುಮುಚ್ಚಿ ತಿಂದೆ.

ಅದನ್ನು ಹೆಂಡದಲ್ಲಿ ಹುಳಿ ಬರಿಸುತ್ತಾರೆ ಎಂದು ಬಾವಿಯ ಹತ್ತಿರ ನೀವು ಪಿಸುಗುಟ್ಟಿದಾಗ, ನಾವಿಬ್ಬರೂ ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕೆವಲ್ಲ, ನೆನಪಿದೆಯೇ? ಮದುವೆಯಾದ ಮೇಲೆ ನಾವಿಬ್ಬರೇ ಕೂಡಿ ನಕ್ಕದ್ದು ಅದೊಂದೇ ಸಲ. ಪಾಪ, ಅವರಿಗೆ ಹೇಳಬೇಡ, ಎದೆ ಒಡೆದುಕೊಂಡಾರು ಎಂದಿರಿ. ಹೇಳಿಲ್ಲ. ಮರುದಿನ ನಸುಕಿಗೆ ಅವರು ಮತ್ತೆ ಅಕ್ಕಿ ಹಿಡಿದು ಬಾಗಿಲಲ್ಲಿ ನಿಂತದ್ದನ್ನು ನೋಡಿ ಅಯ್ಯೋ ಪಾಪ ಎನಿಸಿತು. ಆದರೂ ನನ್ನ ಅರ್ಧ ಬಿಡಲಿಲ್ಲ.

ಸಂತೋಷದ ಮಾತು ಇಲ್ಲಿಗೆ ಮುಗಿಯಿತು.

ಬಾಜಾ ಬಾರಿಸಿದ ಆ ಸಂಜೆ ನೀವೂ ಅತ್ತೆಯವರೂ ನನ್ನನ್ನು ತೋಟದಲ್ಲಿ ಕೂಡಿಸಿ ಹೊಳೆಯ ಕಡೆ ಹೋದಿರಿ. ಮನೆಯ ಸುದ್ದಿ ಮಾತಾಡುತ್ತಿದ್ದಾರೆ ಎಂದುಕೊಂಡೆ. ಫಿರಂಗಿ ಹೆಂಗಸರು ಗಂಡಂದಿರ ತೋಳು ಹಿಡಿದು ತಿರುಗುತ್ತಿದ್ದರು, ನಾನು ಹುಚ್ಚಿಯ ಹಾಗೆ ನೋಡುತ್ತ, ನನ್ನಷ್ಟು ಸುಖಿ ಯಾರೂ ಇಲ್ಲ ಎಂದುಕೊಂಡು ಕೂತಿದ್ದೆ. ಊರಿಗೆ ಬಂದ ದಿನವೇ ನಿಮ್ಮ ದೊಡ್ಡಪ್ಪನವರು ಅತ್ತೆಯವರನ್ನು ಕೇಳಿದರು: "ಏನಂದ ಅವ? ರಾಮದುರ್ಗದವರಿಗೆ ಮಾತು ಕೊಡೂದೋ ಬ್ಯಾಡೋ?" ಅತ್ತೆಯವರು, "ನೋಡೋಣ ಅಂದ" ಎಂದರು. ನಾನು ಅಡಿಗೆಮನೆಯಲ್ಲಿ ಹಿಟ್ಟು ಜರಡಿ ಹಿಡಿಯುತ್ತಿದ್ದೆ.

ಸಮುದ್ರಸ್ನಾನ ನೆಪ. ಸೊಸೆಗೆ ಕೂಸಿಲ್ಲ, ರಾಮದುರ್ಗದ ಹುಡುಗಿಯನ್ನು ಎರಡನೆಯ ಹೆಂಡತಿಯಾಗಿ ಮಾಡಿಕೊಳ್ಳಲು ನಿಮ್ಮನ್ನು ಒಪ್ಪಿಸಿ ಬಾ ಎಂದು ತಾಯಿಯನ್ನು ಕಳಿಸಿದ್ದು. ನಾನು ಅವರ ಗಂಟು ಹೊರಲು ಹೋದವಳು. ಆಗಲಿ, ಅದು ಅವರ ಲೆಕ್ಕ. ಆದರೆ ನೀವು? "ನೋಡೋಣ" ಎಂದಿರಾ? ಏನು ನೋಡುತ್ತೀರಿ? ಎಳನೀರಿನ ಮುದುಕಿಯ ಮುಂದೆ ಅಷ್ಟು ಬಾಯಿ ಮಾಡುವ ನಿಮಗೆ ನನ್ನ ಸಲುವಾಗಿ "ಬ್ಯಾಡ" ಎಂಬ ಒಂದು ಮಾತು ಹೊರಡಲಿಲ್ಲವೇ? ಮರುದಿನ ದೋಣಿ ಹತ್ತಿಸುವಾಗ ನನ್ನ ಮುಖ ನೋಡಿ ನಕ್ಕಿರಲ್ಲ, ಅದು ಹೇಗೆ ಸಾಧ್ಯವಾಯಿತು? ನನಗೆ ನಿಮ್ಮ ಮೇಲೆ ಭಾಳ ಸಿಟ್ಟು ಬಂದಿದೆ. ಬರೆದು ಹೇಳುತ್ತಿದ್ದೇನೆ, ಎದುರಿಗೆ ಹೇಳಲು ನೀವು ಎದುರಿಗಿರುವುದೇ ಇಲ್ಲ.

ಬಂದ ಮೇಲೆ ಇಬ್ಬರಿಗೂ ಪಂಚಗವ್ಯ ಕುಡಿಸಿದರು. ಪರರಾಜ್ಯ ತಿರುಗಿ ಬಂದ ಸೊಸೆಯ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ ಎಂದು ನನಗೆ ಹೊಳೆಗೆ ಹೋಗುವುದನ್ನೂ ಬಿಡಿಸಿದ್ದಾರೆ. ಮಲಪ್ರಭೆಯ ದಂಡೆಯಲ್ಲಿ ಬಟ್ಟೆ ಒಗೆಯುವಾಗಿನ ಆ ಒಂದಿಷ್ಟು ಗಾಳಿಯೂ ಹೋಯಿತು. ಈಗ ಒಲೆ, ಹಿತ್ತಲು, ತುಳಸಿಕಟ್ಟೆ. ಹಿತ್ತಲ ಗೋಡೆ ನನಗಿಂತ ಎತ್ತರ. ಮಡಿಕೋಲಿನಿಂದ ಬಟ್ಟೆ ಹರವುವಾಗ ಕೋಲು ಮಾತ್ರ ಆಚೆಯ ಓಣಿ ನೋಡುತ್ತದೆ. ಅತ್ತೆಯವರೂ ಮೊದಲಿನಂತೆಯೇ ಆಗಿದ್ದಾರೆ, ಮಾತು ಕಡಿಮೆ, ಹುಬ್ಬು ಗಂಟು. ಪುಷ್ಯ ಕಳೆದು ಮಾಘದಲ್ಲಿ ಲಗ್ನ ಎಂದು ಪಂಚಾಂಗ ನೋಡುತ್ತಿದ್ದಾರೆ. ಆಮೇಲೆ ಈ ಮನೆಯಲ್ಲಿ ನಾನು ಯಾರು? ಹೊಸಬಳ ಬಾಣಂತನ ಮಾಡುವವಳು. ಈ ಗೋಡೆಯೊಳಗೆ ಹಾಗೆ ಬದುಕಲು ನನ್ನಿಂದ ಆಗುವುದಿಲ್ಲ.

ನನ್ನನ್ನು ಕರೆಸಿಕೊಳ್ಳಿರಿ. ಆ ಖೋಲಿಯೇ ಸಾಕು. ಬಾಳೆಹಣ್ಣು ತಿಂದು ಇರುತ್ತೇನೆ. ರಾಮದುರ್ಗಕ್ಕೆ ಒಲ್ಲೆ ಎಂದು ಮಾಘದೊಳಗೆ ಬರೆಯಿರಿ. ಬರೆಯದಿದ್ದರೆ ನಿಮ್ಮ "ನೋಡೋಣ"ದ ಅರ್ಥ ನಾನು ತಿಳಿದುಕೊಳ್ಳುತ್ತೇನೆ, ಮತ್ತೆ ಕೇಳುವುದಿಲ್ಲ.

ಲಕೋಟೆಯ ಮೇಲೆ ನಿಮ್ಮ ಹೆಸರು ನಾನು ಬರೆಯುವಂತಿಲ್ಲ, ಜಾಗ ಬಿಟ್ಟಿದ್ದೇನೆ. ಸೆಗಣಿ ಬಳಿಯಲು ಬರುವ ಶಟ್ಟೆವ್ವ ಒಯ್ದು ಟಪಾಲಿನ ಗಂಗಪ್ಪನಿಂದ ಬರೆಸುತ್ತಾಳೆ. ಕಡೆಯಲ್ಲಿ ಪಾದದಾಸಿ ಎಂದು ಬರೆಯುವುದು ಪದ್ಧತಿ. ಇವತ್ತು ಕೈ ಬರುತ್ತಿಲ್ಲ.

ಇನ್ನೂ ನಿಮ್ಮವಳೇ ಆದ
ಮಥುರಾ

ತಾ.ಕ. ಈ ಕಾಗದ ಇನ್ನೂ ಶಟ್ಟೆವ್ವನ ಕೈಗೆ ಹೋಗಿಲ್ಲ. ಮಡಚುವಾಗ ತಲೆಯೆತ್ತಿದರೆ ಅತ್ತೆಯವರು ಬಾಗಿಲಲ್ಲಿ ನಿಂತಿದ್ದರು. "ಓದು" ಎಂದರು. ಅಲ್ಲಲ್ಲಿ ಬಿಟ್ಟು ಓದಲು ನೋಡಿದೆ. "ನುಂಗಬ್ಯಾಡ, ಪೂರಾ ಓದು" ಎಂದರು. ಬಾವಿಯ ಹತ್ತಿರ ನಕ್ಕದ್ದನ್ನೂ ಓದಿದೆ. ಆಮೇಲೆ ಅವರು ಒಳಗೆ ಬಂದು, ನಾನು ಕೂತ ಇದೇ ಚಾಪೆಯ ಮೇಲೆ, ನನ್ನ ಮೈಗೆ ಮೈ ತಾಗಿಸಿ ಕೂತರು. ಅತ್ತೆ, ಮುಟ್ಟಬೇಡಿರಿ ಎಂದೆ. "ಝಳಕ ಮಾಡಿದ್ರ ಹೋಗ್ತದ. ಬರಿ" ಎಂದರು. ಅವರು ಹೇಳಿದ್ದನ್ನು, ನಿಮ್ಮ ಹೆಸರು ಸಹಿತ, ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ:

"ರಘೂ, ಎಲ್ಲಮ್ಮನ ಗುಡ್ಡದ ಬುಡದಾಗ ಹುಟ್ಟಿ ಮುದುಕಿ ಆದಾಕಿ ನಾನು. ಜೋಗಪ್ಪ ಯಾರು, ಪಾವ ಮಾರಾಂವ ಯಾರು, ನನಗ ತಿಳೀಲಿಲ್ಲ ಅಂತ ಮಾಡೀರೇನು? ಹೆಂಡದ ವಾಸನಿನೂ ತಿಳದಿತ್ತು. ಹಸಿವಿ ಆಗಿತ್ತು, ತಿನ್ನಬೇಕು ಅನಿಸ್ತು, ತಿಂದೆ. ಇಕಿಗೂ ತಿನಿಸಿದೆ. ಕೇಳಾವ್ರಿಗೆ ಒಂದು ನೆಪ ಬೇಕಲ್ಲ, ಅದಕ್ಕ ಉಧೋ ಅಂದೆ. ನೀ ನೋಡೋಣ ಅಂದಾಗ ಬ್ಯಾಡ ಅಂತೀ ಅಂತ ಕಾಯ್ದೆ, ಅನಲಿಲ್ಲ. ಈಗ ಅನ್ನು. ರಾಮದುರ್ಗಕ್ಕ ಒಲ್ಲೆ ಅಂತ ಭಾವನವರಿಗೆ ಬರಿ, ಉಳಿದದ್ದು ನಾ ನೋಡ್ಕೋತೇನಿ. ಇಕಿನ್ನ ಒಬ್ಬಾಕಿನ್ನ ಕರಸ್ಕೊಂಡೀ ಅಂದ್ರ ಮಾತ್ರ ನಾ ಕಳಸೂದಿಲ್ಲ. ಕರಸಿದ್ರ ಇಬ್ಬರನ್ನೂ ಕರಸು. ನನಗ ಆ ಕಟ್ಟಿ ಮ್ಯಾಲಿನ ಗೋಣಿಚೀಲ ಸಾಕು, ನೀ ಖೋಲ್ಯಾಗ ಮಲಕ್ಕೋ. ಈ ಸಲ ನಾ ದಶಮಿ ಕಟ್ಟೂದಿಲ್ಲ."