ಹಾಲುಹಲ್ಲಿನೊಳಗಿನ ತೂತುಗಳು

ಮುಚ್ಚಿಗೆಯ ವರ್ಷ ನೂರ ಎಂಬತ್ತೆರಡು, ಹದಿಮೂರನೆಯ ತಿಂಗಳು.

ಹಿಂದಿನ ಕಾಲದ ದೊಡ್ಡವರಿಗೆ ಹಲ್ಲೋದುವ ಯಮನೂರಪ್ಪನ ಶರಣು. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿದರೆ ಮನ್ನಿಸಿರಿ. ಬಿಸಿಲಿಗೆ ಸೋತ ನಮ್ಮ ಹಿರಿಯರು ರಾಯಚೂರು ಸೀಮೆಯ ಬಂಡೆ ಕೊರೆದು ಒಳಗಿಳಿದು ಬಾಗಿಲು ಹಾಕಿಕೊಂಡ ದಿನವೇ ಮುಚ್ಚಿಗೆ. ಬೇಸಿಗೆ ಮುಗಿಯದೆ ಹೋದದ್ದರಿಂದ ವರ್ಷಕ್ಕೆ ಒಂದು ತಿಂಗಳು ಹೆಚ್ಚಾಯಿತು.

ಇಲ್ಲಿ ತೊಟ್ಟಿಯ ಪಾಚಿಯನ್ನು ಒಣಗಿಸಿ ರೊಟ್ಟಿ ಬಡಿಯುತ್ತೇವೆ, ಬೇರೆ ಊಟವಿಲ್ಲ. ಮಕ್ಕಳು ಹತ್ತು ತುಂಬುವ ತನಕ ಹೊರಗೆ ಕಾಲಿಡುವಂತಿಲ್ಲ, ಬಸುರಿಯರೂ ಅಷ್ಟೇ. ಹುಡುಗರ ಕಾಲು ಬಿಲ್ಲಿನಂತೆ ಬಾಗಿದರೆ ವಂಶದ ಗುಣ ಅನ್ನುತ್ತೇವೆ. ಮೇಲಿನ ಕೆರೆಯಲ್ಲಿ ನಲವತ್ತೊಂದು ಕೊಕ್ಕರೆಗಳಿವೆ. ಭೂಮಿಯ ಮೇಲೆ ನಾವು ಬಲ್ಲ ಹಕ್ಕಿಗಳು ಅಷ್ಟೇ. ಅವನ್ನು ತಿಂದ ಮನೆಯವರನ್ನು ಹೊರಗೆ ಹಾಕಿ ಬಾಗಿಲು ಮುಚ್ಚುತ್ತೇವೆ. ನಿಮ್ಮಲ್ಲಿ ಬಿದ್ದ ಹಾಲುಹಲ್ಲನ್ನು ಮಾಳಿಗೆಯ ಮೇಲೆ ಎಸೆಯುತ್ತಿದ್ದರಂತೆ. ನಮಗೆಲ್ಲಿಯ ಮಾಳಿಗೆ! ಹಲ್ಲು ನನ್ನ ಗಡಿಗೆಗೆ ಬರುತ್ತದೆ. ಯಾವುದಾದರೂ ಮನೆಯ ಮೇಲೆ ಅನುಮಾನ ಬಂದರೆ ಆ ಮನೆಯ ಹಲ್ಲನ್ನು ಕಲ್ಲಿನ ಮೇಲೆ ತೆಳ್ಳಗೆ ತೇಯ್ದು, ಬೆಳಕಿಗೆ ಹಿಡಿದು ಮಸೂರದಲ್ಲಿ ಓದುತ್ತೇನೆ.

ಈ ವಿದ್ಯೆ ನಿಮ್ಮದೇ. ನಿಮ್ಮ ಕಾಲದ ಹಾಳೆಗಳ ಪೆಟ್ಟಿಗೆಯೊಂದು ನಮ್ಮಲ್ಲಿದೆ. ಅದರಲ್ಲಿ ಗರಿಯಿದ್ದ ಡೈನೋಸಾರ್‌ಗಳ ಹಲ್ಲೂ ಮೊದಮೊದಲ ಹಕ್ಕಿಗಳ ಹಲ್ಲೂ ಸೀಳಿದಂತೆ ಚಿತ್ರವಾಗಿವೆ. ಮಾಂಸ ಹರಿದು ತಿಂದವುಗಳಲ್ಲಿ ಹೊಳೆಯುವ ಎನಾಮೆಲ್‌ನ ಕೆಳಗೆ ಸಣ್ಣ ಸಣ್ಣ ತೂತುಗಳ ಪದರವಿದೆ. ಎಲುಬು ಕಚ್ಚಿದ ಪೆಟ್ಟನ್ನು ಅದು ತಡೆಯುತ್ತಿತ್ತಂತೆ. ಕಾಳಿಗೋ ಹುಳಕ್ಕೋ ಇಳಿದ ಹಕ್ಕಿಗಳಲ್ಲಿ ಎನಾಮೆಲ್ ತೆಳು, ಆ ಪದರವೇ ಇಲ್ಲ. ತೂತಿದ್ದರೆ ಮಾಂಸ, ಇಲ್ಲದಿದ್ದರೆ ಇಲ್ಲ. ನಮ್ಮಪ್ಪ ನನಗೆ ಕಲಿಸಿದ್ದು ಇಷ್ಟೇ. ನಾನೂ ದಡ್ಡನ ಹಾಗೆ ಇಷ್ಟನ್ನೇ ನಂಬಿದೆ.

ಹೋದ ವರ್ಷ ಒಂದು ಕೊಕ್ಕರೆ ಕಾಣೆಯಾಯಿತು. ಕೆರೆ ಕಾಯುವ ಕಾಶವ್ವನ ಮೇಲೆ ಅನುಮಾನ ಬಂತು. ಅವಳ ಮಗಳು ಬಸಲಿಂಗಿಯ ಹಲ್ಲನ್ನು ತೇಯ್ದೆ. ಎನಾಮೆಲ್‌ನ ಕೆಳಗೆ ತೂತುಗಳ ಸಾಲೇ ಇತ್ತು. ಹಿರಿಯರ ಮುಂದೆ ಎದೆಯುಬ್ಬಿಸಿ, ಈ ಬಾಯಿ ಎಲುಬು ಕಡಿದಿದೆ ಎಂದೆ. ಕಾಶವ್ವ ನನ್ನ ಕಾಲು ಹಿಡಿದು, "ಯಪ್ಪಾ, ನನ್ನ ಕೂಸು ಮಾಂಸದ ರುಚಿನ ಕಂಡಿಲ್ರೀ. ಹಲ್ಲಿಗೇನ್ ಗೊತ್ತೈತಿ, ನನ್ನ ಕೇಳ್ರಿ" ಎಂದು ಅತ್ತಳು. ನಾನು ಕಾಲು ಬಿಡಿಸಿಕೊಂಡೆ. ತಾಯಿ-ಮಗಳಿಬ್ಬರನ್ನೂ ಹೊರಗೆ ಹಾಕಿದರು. ಆರನೆಯ ದಿನ ಬತ್ತಿದ ಹೊಳೆಯಲ್ಲಿ ಇಬ್ಬರ ಹೆಣ ಸಿಕ್ಕಿತು.

ಮೂರು ತಿಂಗಳ ಕೆಳಗೆ ನನ್ನ ಮೊಮ್ಮಗಳು ನೀಲಗಂಗಿಯ ಹಲ್ಲು ಬಿತ್ತು. ಕಸುಬು ಕಲಿಸೋಣವೆಂದು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ತೇಯ್ದೆ. ಅದೇ ತೂತುಗಳು. ತಾಯಿಯಿಲ್ಲದ ಕೂಸದು, ಹುಟ್ಟಿದಾಗಿನಿಂದ ಅವಳಿಗೆ ತುತ್ತಿಟ್ಟವನು ನಾನೊಬ್ಬನೇ. ಗಡಿಗೆಯಿಂದ ಇನ್ನೂ ಹನ್ನೆರಡು ಹಲ್ಲು ತೆಗೆದು ತೇಯ್ದೆ. ಒಂಬತ್ತರಲ್ಲಿ ತೂತು. ಉಳಿದ ಮೂರು, ಗಾಳಿಗಂಡಿಯಿಂದ ಬಿಸಿಲು ಬೀಳುವ ಒಂದೇ ಮನೆಯವು. ಆ ಮನೆಯ ಮಕ್ಕಳ ಕಾಲೂ ನೆಟ್ಟಗಿವೆ. ಕೋಟಿ ವರ್ಷಗಳ ಊಟ ಆ ಪ್ರಾಣಿಗಳ ಹಲ್ಲನ್ನು ಕಟ್ಟಿತ್ತು. ನಮ್ಮ ಮಕ್ಕಳ ಹಲ್ಲು ಬಿಸಿಲಿಲ್ಲದೆ ಅರೆಬರೆ ಕಟ್ಟಿಕೊಂಡಿತ್ತು. ಬಸಲಿಂಗಿ ಏನನ್ನೂ ಕದ್ದು ತಿಂದಿರಲಿಲ್ಲ, ಅವಳಿಗೆ ಸಿಗಬೇಕಾದದ್ದೇ ಸಿಕ್ಕಿರಲಿಲ್ಲ.

ಮೂರು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಹೇಳಿದರೆ ನೀಲಗಂಗಿಯನ್ನೂ ಹೊರಗೆ ಹಾಕುತ್ತಾರೆಂಬ ಹೆದರಿಕೆ. ಕಾಶವ್ವನ ಕೂಸಿಗಾದರೆ ಶಾಸ್ತ್ರ, ನನ್ನ ಕೂಸಿಗಾದರೆ ಮೌನ. ಥೂ ನನ್ನ ಜನ್ಮಕ್ಕೆ! ಆದರೆ ಅವಳ ಕಾಲೂ ಬಾಗತೊಡಗಿದೆ. ನಾಳೆ ಹಿರಿಯರ ಮುಂದೆ ಎಲ್ಲ ಹಲ್ಲುಗಳನ್ನೂ ಇಟ್ಟು, ಮಕ್ಕಳನ್ನು ಎಳೆಬಿಸಿಲಿಗೆ ಬಿಡಿರೆಂದು ಕೇಳುತ್ತೇನೆ. ನಂಬದಿದ್ದರೆ ನಾವಿಬ್ಬರೂ ಹೊಳೆಯ ದಾರಿ ಹಿಡಿಯಬೇಕು.

ನಿಮ್ಮನ್ನು ಕೇಳುವುದು ಒಂದೇ. ಆ ಚಿತ್ರಗಳನ್ನು ನೀವಿನ್ನೂ ಬರೆಯುತ್ತಿರಬಹುದು. ಕೆಳಗೆ ಒಂದು ಸಾಲು ಹೆಚ್ಚಿಗೆ ಬರೆಯಿರಿ: ಇದು ಆ ಪ್ರಾಣಿಗಳ ಹಲ್ಲಿನ ಮಾತು, ಇದನ್ನು ಹಿಡಿದು ಯಾರ ಮಕ್ಕಳನ್ನೂ ಅಳೆಯಬೇಡಿ. ಆ ಸಾಲೊಂದು ಇದ್ದಿದ್ದರೆ ಬಸಲಿಂಗಿಗೆ ಈ ತಿಂಗಳು ಎಂಟು ತುಂಬುತ್ತಿತ್ತು.